ಹಾಲು ಪರೀಕ್ಷಕರ ತರಬೇತಿಗೆ ಎಐ: ಯಾವ ಕೆಲಸ ಕೊಡಬೇಕು, ಯಾವುದನ್ನು ಕೊಡಬಾರದು

ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ‘ಡೇರಿ’ ಅಂತಲೇ ಹೆಸರು. ಎರಡು ಹೊತ್ತೂ ಕ್ಯಾನು ಹಿಡಿದು ಸಾಲು ನಿಲ್ಲುವ ಜನ, ಮೇಜಿನ ಆಚೆ ಫ್ಯಾಟು, ಡಿಗ್ರಿ (ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರಿನ ಅಂಕಿ) ನೋಡುವ ಪರೀಕ್ಷಕ. ಅವನು ಒಂದು ಗೆರೆ ತಪ್ಪು ಓದಿದರೆ ಒಂದು ಮನೆಯ ಬಟವಾಡೆ ಇಳಿಯುತ್ತದೆ. ಇಂಥ ಕೆಲಸಕ್ಕೆ ತರಬೇತಿ ರೂಪಿಸುವವರು ಈಗ ಎಐ ತೆರೆದು ‘ಹಾಲು ಪರೀಕ್ಷಕರಿಗೆ ಒಂದು ದಿನದ ತರಬೇತಿ ತಯಾರಿಸು’ ಎಂದು ಬರೆಯುವುದು ಸಾಮಾನ್ಯವಾಗಿದೆ. ಅರ್ಧ ನಿಮಿಷದಲ್ಲಿ ನಾಲ್ಕು ಪುಟ ಬರುತ್ತದೆ. ನೋಡಲು ಚೆಂದ, ಓದಲು ಸಲೀಸು, ಡೇರಿಯ ಮೇಜಿನ ಮುಂದೆ ಮಾತ್ರ ಕೆಲಸಕ್ಕೆ ಬಾರದು.

ಎಐ ಬೇಡವೆಂದಲ್ಲ, ಅದಕ್ಕೆ ಕೊಟ್ಟ ಕೆಲಸ ತಪ್ಪು. ಏನು ಕಲಿಸಬೇಕು ಅನ್ನುವುದನ್ನು ಅದರಿಂದ ಕೇಳಬಾರದು. ಆ ವಿಷಯ ಮೇಜಿನ ಹತ್ತಿರ ಸಿಗುತ್ತದೆ. ಅಲ್ಲಿಂದ ತಂದದ್ದನ್ನು ಹಾಳೆ, ಪ್ರಶ್ನೆ, ಅಭ್ಯಾಸದ ಸಂಭಾಷಣೆಯಾಗಿ ಒಗ್ಗಿಸಿಕೊಡುವ ಕೂಲಿ ಕೆಲಸಕ್ಕೆ ಎಐ ಬಹಳ ಚುರುಕು. ಇಲ್ಲಿ ಉದಾಹರಣೆಗೆ ಹಾಲಿನ ಪರೀಕ್ಷೆ ತೆಗೆದುಕೊಂಡಿದೆ. ಮೈಸೂರಿನ ಹೆಬ್ಬಾಳ, ಹೂಟಗಳ್ಳಿಯ ಕಾರ್ಖಾನೆಯಲ್ಲಿ ಯಂತ್ರ ನಡೆಸುವವರಿಗಾಗಲಿ, ದಸರಾ ಹೊತ್ತಿಗೆ ತಾತ್ಕಾಲಿಕವಾಗಿ ಸೇರುವ ಹೋಟೆಲ್ ಸಿಬ್ಬಂದಿಗಾಗಲಿ ಕ್ರಮ ಇದೇ, ಹಾಳೆಯ ವಿಷಯ ಬೇರೆ ಅಷ್ಟೆ.

ಮೊದಲು: ಇದು ತರಬೇತಿಯ ಕೊರತೆಯೇ?

‘ಪರೀಕ್ಷಕರ ಫಲಿತಾಂಶಕ್ಕೂ ಲ್ಯಾಬಿನ ಫಲಿತಾಂಶಕ್ಕೂ ತಾಳೆಯಾಗುತ್ತಿಲ್ಲ, ಒಂದು ತರಬೇತಿ ಮಾಡಿ’ ಎಂದು ಮೇಲಿನಿಂದ ಹೇಳಿಕೆ ಬರುತ್ತದೆ. ಕೂಡಲೇ ಕಂಪ್ಯೂಟರ್ ಮುಂದೆ ಕೂರಬೇಡಿ. ಮೂರು ಡೇರಿಗಳಿಗೆ ಹೋಗಿ, ಒಂದೊಂದರಲ್ಲೂ ಒಂದು ಬೆಳಗಿನ ಸರದಿ ಪೂರ್ತಿ ನಿಂತು ನೋಡಿ. ಬಿಸಿನೀರಿನ ತೊಟ್ಟಿಯ (ವಾಟರ್ ಬಾತ್) ಥರ್ಮೋಸ್ಟಾಟ್ ಕೆಟ್ಟು, 65 ಡಿಗ್ರಿ ಇರಬೇಕಾದ ನೀರು 50ರಲ್ಲೇ ನಿಂತಿರಬಹುದು. ಫ್ಯಾಟು ಪರೀಕ್ಷೆಗೆ ಬೇಕಾದ ಅಮೈಲ್ ಆಲ್ಕೋಹಾಲ್ ಮುಗಿದು ವಾರವಾಗಿರಬಹುದು. ಸಾಲು ಉದ್ದವಿದ್ದು, ಕ್ಯಾನಿನ ಹಾಲು ಕಲಕದೆ ಮೇಲಿನಿಂದಲೇ ಸ್ಯಾಂಪಲ್ ತೆಗೆಯುತ್ತಿರಬಹುದು. ಇವುಗಳಲ್ಲಿ ಯಾವುದಕ್ಕೂ ತರಬೇತಿ ಮದ್ದಲ್ಲ. ಒಂದಕ್ಕೆ ರಿಪೇರಿ, ಇನ್ನೊಂದಕ್ಕೆ ಸರಬರಾಜು, ಮೂರನೆಯದಕ್ಕೆ ಮತ್ತೊಬ್ಬ ಆಳು ಬೇಕು.

ಕೇಳಿಕೊಳ್ಳಬೇಕಾದ ಪ್ರಶ್ನೆ ಸರಳ: ಸಲಕರಣೆಯೆಲ್ಲ ಸರಿಯಿದ್ದು, ಅಧಿಕಾರಿ ಪಕ್ಕದಲ್ಲೇ ನಿಂತಿದ್ದರೆ ಈ ಹುಡುಗ ಸರಿಯಾಗಿ ಮಾಡುತ್ತಾನೆಯೇ? ಮಾಡುತ್ತಾನೆ ಎಂದಾದರೆ ಅವನಿಗೆ ಕೆಲಸ ಗೊತ್ತಿದೆ, ಅಡ್ಡಿ ಬೇರೆ ಕಡೆ ಇದೆ. ಈ ತೀರ್ಮಾನವನ್ನು ಎಐಗೆ ಬಿಡಲಾಗದು. ‘ತರಬೇತಿ ಬೇಕೇ’ ಎಂದು ಕೇಳಿದರೆ ಅದು ಬೇಕು ಎಂದೇ ಹೇಳಿ ವೇಳಾಪಟ್ಟಿಯನ್ನೂ ಕೊಡುವ ಪೈಕಿ. ಕೇಳಿದವರಿಗೆ ಇಲ್ಲವೆನ್ನುವುದು ಅದಕ್ಕೆ ಕಷ್ಟ.

ಮೂಲ ಸಾಮಗ್ರಿ ಕೂಡಿಸುವುದು

ಕಲಿಸಲೇಬೇಕು ಎಂದಾದ ಮೇಲೆ ಎರಡು ವಸ್ತು ಬೇಕು: ಈಗ ಜಾರಿಯಲ್ಲಿರುವ ಸುತ್ತೋಲೆ ಅಥವಾ ಕೈಪಿಡಿ, ಮತ್ತು ಕೈ ಪಳಗಿದ ಒಬ್ಬ ಪರೀಕ್ಷಕರ ಮಾತು.

ಮಾತನ್ನು ಹೀಗೆ ಹಿಡಿಯಿರಿ. ಅವರು ಗರ್ಬರ್ ವಿಧಾನದಲ್ಲಿ (ಆ್ಯಸಿಡ್ ಹಾಕಿ, ಯಂತ್ರದಲ್ಲಿ ತಿರುಗಿಸಿ ಫ್ಯಾಟನ್ನು ಬೇರ್ಪಡಿಸಿ ಓದುವ ಪರೀಕ್ಷೆ) ಫ್ಯಾಟು ತೆಗೆಯುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿ, ‘ಈಗ ಏನು ಮಾಡಿದ್ರಿ, ಯಾಕೆ ಹಾಗೆ, ಹೊಸಬರು ಇಲ್ಲಿ ಏನು ತಪ್ಪು ಮಾಡ್ತಾರೆ’ ಎಂದು ಪ್ರತಿ ಹಂತದಲ್ಲೂ ಕೇಳಿ. ಕೊನೆಯ ಪ್ರಶ್ನೆ ಮರೆಯಬೇಡಿ, ಮುಂದೆ ಪ್ರಶ್ನೆಪತ್ರಿಕೆಯೆಲ್ಲ ಅದರ ಉತ್ತರದಿಂದಲೇ ಹುಟ್ಟುವುದು. ಹತ್ತು ಹದಿನೈದು ನಿಮಿಷದ ಧ್ವನಿ ಸಾಕು. ಅದನ್ನು ಬರಹಕ್ಕೆ ಇಳಿಸುವ ಕೆಲಸ ಎಐಗೆ ಕೊಡಬಹುದು, ಆದರೆ ಅಂಕಿಗಳನ್ನು ಮಾತ್ರ ಧ್ವನಿ ಮತ್ತೆ ಕೇಳಿ ನೀವೇ ತಿದ್ದಿ. ‘ಹತ್ತೂಮುಕ್ಕಾಲು ಎಂಎಲ್ ಹಾಲು’ ಎಂದು ಅವರು ಹೇಳಿದ್ದು ಬರಹದಲ್ಲಿ ‘ಹತ್ತು ಎಂಎಲ್’ ಆಗಿ ಕೂತಿರುತ್ತದೆ, ಮುಕ್ಕಾಲು ಎಲ್ಲೋ ಕಳೆದುಹೋಗಿರುತ್ತದೆ.

ಸುತ್ತೋಲೆಯದು ಬೇರೆಯೇ ತೊಡಕು. ನಮ್ಮ ಕಚೇರಿಗಳ ಹಳೆಯ ಕಡತಗಳು ಬಹುಪಾಲು ‘ನುಡಿ’, ‘ಬರಹ’ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿವೆ. ಪರದೆಯ ಮೇಲೆ ಕನ್ನಡವಾಗಿ ಕಂಡರೂ ನಕಲು ಮಾಡಿ ಅಂಟಿಸಿದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತದೆ. ಎಐ ‘ಓದಲಾಗಲಿಲ್ಲ’ ಎಂದು ನಿಲ್ಲದೆ ನಡುವೆ ಸಿಕ್ಕ ಎರಡು ಅಂಕಿ ಹಿಡಿದು ಉಳಿದದ್ದನ್ನು ಊಹಿಸಿ ಬರೆದುಬಿಡಬಹುದು. ಆದ್ದರಿಂದ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳು ಸರಿಯಾಗಿ ಬಂದಿವೆಯೇ ನೋಡಿ, ಆಮೇಲೆ ಕೊಡಿ. ಸ್ಕ್ಯಾನ್ ಮಾಡಿದ ಪ್ರತಿಯಾದರೆ ಕನ್ನಡ ಅಂಕಿಗಳ ಮೇಲೆ ಇನ್ನಷ್ಟು ಕಣ್ಣಿಡಿ, ೩ ಮತ್ತು ೬ ಅದಲುಬದಲಾಗಬಹುದು. ಕನ್ನಡ ಪಠ್ಯವನ್ನು ಎಐ ಇಂಗ್ಲಿಷಿಗಿಂತ ಹೆಚ್ಚು ಚೂರುಗಳಾಗಿ ಒಡೆದು ಓದುತ್ತದೆ, ಹಾಗಾಗಿ ಮಿತಿ ಬೇಗ ಮುಗಿಯುತ್ತದೆ. ಒಂದು ಸಲಕ್ಕೆ ಎರಡು ಮೂರು ಪುಟಕ್ಕಿಂತ ಹೆಚ್ಚು ತುರುಕದಿದ್ದರೆ ಒಳ್ಳೆಯದು.

ಕೆಲಸದ ಹಾಳೆ ಬರೆಸುವುದು

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಹೊಸಬರನ್ನು ಬೇಗ ತಯಾರು ಮಾಡಲು ಹಂತ, ಗಮನಿಸಬೇಕಾದ ಅಂಶ ಎಂಬ ಎರಡು ಕಾಲಂಗಳ ಹಾಳೆ ಬಳಸುತ್ತಿದ್ದರು. ಕಾರಣ ಎಂಬ ಮೂರನೆಯ ಕಾಲಂ ಆಮೇಲೆ ಸೇರಿತು. ಈ ಮೂರು ಕಾಲಂಗಳ ಹಾಳೆ ಇವತ್ತಿಗೂ ಬಹಳ ಉಪಯುಕ್ತ. ಎಐಗೆ ಕೊಡುವ ಸೂಚನೆ ಹೀಗಿರಲಿ:

“ಕೆಳಗೆ ಒಂದು ಸುತ್ತೋಲೆ ಮತ್ತು ಒಬ್ಬ ಪರೀಕ್ಷಕರ ಮಾತಿನ ಬರಹ ಇದೆ. ಇವೆರಡರಿಂದ ಮಾತ್ರ ಮೂರು ಕಾಲಂಗಳ ಕೆಲಸದ ಹಾಳೆ ತಯಾರಿಸು: ಹಂತ, ಗಮನಿಸಬೇಕಾದ ಅಂಶ, ಕಾರಣ. ಇವುಗಳಲ್ಲಿ ಇಲ್ಲದ ಅಂಕಿ, ಕ್ರಮ, ಎಚ್ಚರಿಕೆ ಸೇರಿಸಬೇಡ. ಕಾರಣ ಸಿಗದಿದ್ದರೆ ‘ಕೇಳಬೇಕು’ ಎಂದು ಬರೆ. ಸುತ್ತೋಲೆಗೂ ಮಾತಿಗೂ ವ್ಯತ್ಯಾಸವಿದ್ದರೆ ಎರಡನ್ನೂ ಪಕ್ಕಪಕ್ಕ ತೋರಿಸು, ನೀನೇ ತೀರ್ಮಾನಿಸಬೇಡ. ಪ್ರತಿ ಸಾಲಿನ ಕೊನೆಗೆ ಅದು ಎಲ್ಲಿಂದ ಬಂತು ಎಂದು ಗುರುತು ಹಾಕು. ಸಲಕರಣೆಗಳ ಹೆಸರು ಮಾತಿನಲ್ಲಿ ಇರುವಂತೆಯೇ ಇರಲಿ.”

‘ಕೇಳಬೇಕು’ ಎಂಬ ಆ ಒಂದು ಪದ ಇಡೀ ಸೂಚನೆಯಲ್ಲಿ ಮುಖ್ಯ. ಖಾಲಿ ಬಿಡಲು ದಾರಿ ಇಲ್ಲದಿದ್ದರೆ ಎಐ ಜಾಗ ತುಂಬಲು ಏನಾದರೂ ಹೆಣೆದೇ ಹೆಣೆಯುತ್ತದೆ.

ಬಂದ ಹಾಳೆಯನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಇರುವಷ್ಟನ್ನೇ ಮಾಡುತ್ತ ಒಂದು ಸ್ಯಾಂಪಲ್ ಪರೀಕ್ಷೆ ಮಾಡಿ ನೋಡಿ. ಗರ್ಬರ್ ವಿಧಾನದ ಸರಿಯಾದ ಹಾಳೆಯ ತಿರುಳು ಇಷ್ಟಿರಬೇಕು: ಬ್ಯುಟಿರೋಮೀಟರಿಗೆ (ಫ್ಯಾಟು ಓದುವ, ಗೆರೆಗಳಿರುವ ಗಾಜಿನ ಕೊಳವೆ) ಕುತ್ತಿಗೆ ಒದ್ದೆಯಾಗದಂತೆ 10 ಮಿ.ಲೀ. ಸಲ್ಫ್ಯೂರಿಕ್ ಆ್ಯಸಿಡ್, ಅದರ ಮೇಲೆ ಗಾಜಿನ ಗೋಡೆಗೆ ತಾಗಿಸಿ ನಿಧಾನವಾಗಿ 10.75 ಮಿ.ಲೀ. ಹಾಲು, ಆಮೇಲೆ 1 ಮಿ.ಲೀ. ಅಮೈಲ್ ಆಲ್ಕೋಹಾಲ್. ಬಿರಡೆ ಹಾಕಿ, ಬಟ್ಟೆ ಸುತ್ತಿ, ಗರಣೆ ಪೂರ್ತಿ ಕರಗುವ ತನಕ ಅಲುಗಿಸುವುದು. ಸೆಂಟ್ರಿಫ್ಯೂಜಿನಲ್ಲಿ ನಿಮಿಷಕ್ಕೆ 1100 ಸುತ್ತಿನಂತೆ ಸುಮಾರು 5 ನಿಮಿಷ. 65 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಇಟ್ಟು, ಹೊರತೆಗೆದ ತಕ್ಷಣ ಓದುವುದು.

ಎಡವುವ ಜಾಗಗಳು

ಎಐ ತಪ್ಪುವುದು ಅದು ತಡವರಿಸುವ ಕಡೆಯಲ್ಲಲ್ಲ, ಬಹಳ ಧೈರ್ಯವಾಗಿ ಹೇಳುವ ಕಡೆ. ಅದು ಮುಂದಿನ ಪದ ಯಾವುದು ಬರಬಹುದೆಂದು ಅಂದಾಜು ಮಾಡುತ್ತಾ ಬರೆಯುವ ಯಂತ್ರ. ಎಲ್ಲ ಕಡೆ ಹೆಚ್ಚಾಗಿ ಕಾಣುವ ಮಾತನ್ನೇ ನಿಮ್ಮ ಹಾಳೆಗೂ ತರುತ್ತದೆ. ಈ ಪರೀಕ್ಷೆಯಲ್ಲಿ ಅಂಥ ಮೂರು ಗುಂಡಿಗಳಿವೆ.

ಮೊದಲನೆಯದು ಆ್ಯಸಿಡ್ ಕ್ರಮ. ‘ಆ್ಯಸಿಡ್ಡನ್ನು ನೀರಿಗೆ ಹಾಕು, ನೀರನ್ನು ಆ್ಯಸಿಡ್ಡಿಗೆ ಹಾಕಬೇಡ’ ಎಂಬುದು ಶಾಲೆಯಲ್ಲಿ ಕಲಿಸುವ ನಿಯಮ, ಆ್ಯಸಿಡ್ ತೆಳು ಮಾಡುವಾಗ ಅದು ಸರಿ. ಗರ್ಬರ್‌ನಲ್ಲಿ ಕ್ರಮ ಉಲ್ಟಾ: ಭಾರವಾದ ಆ್ಯಸಿಡ್ ತಳದಲ್ಲಿ, ಹಾಲು ಅದರ ಮೇಲೆ ಪದರವಾಗಿ. ಎಐ ತನ್ನ ಸಾಮಾನ್ಯ ಜ್ಞಾನದಿಂದ ಸುತ್ತೋಲೆಯನ್ನೇ ‘ತಿದ್ದಿ’, ಕೊನೆಗೊಂದು ಸುರಕ್ಷತಾ ಸೂಚನೆಯಾಗಿ ವಿರುದ್ಧ ಕ್ರಮ ಸೇರಿಸಬಹುದು. ಹಾಳೆಯ ನಡುವೆ ಒಂದು ಕ್ರಮ, ಅಡಿಯಲ್ಲಿ ಇನ್ನೊಂದು. ಹೊಸಬ ಯಾವುದನ್ನು ನಂಬಬೇಕು?

ಎರಡನೆಯದು ಅಳತೆ. ನಮ್ಮಲ್ಲಿ ಹಾಲಿನ ಪಿಪೆಟ್ 10.75 ಮಿ.ಲೀ. ಬೇರೆ ದೇಶದ ಕೈಪಿಡಿಗಳಲ್ಲಿ 10.94, 11 ಎಂದೂ ಇದೆ. ಮೂಲ ಪತ್ರ ಕೊಡದೆ ಕೇಳಿದರೆ ಇವುಗಳಲ್ಲಿ ಯಾವುದಾದರೂ ಬರಬಹುದು.

ಮೂರನೆಯದು ಎಲ್ಲಕ್ಕಿಂತ ಕಣ್ಣಿಗೆ ಬೀಳದ್ದು, ಎಸ್‌ಎನ್‌ಎಫ್ (ಹಾಲಿನಲ್ಲಿ ಫ್ಯಾಟು ಬಿಟ್ಟು ಉಳಿದ ಘನಾಂಶ) ಸೂತ್ರ. ಲ್ಯಾಕ್ಟೋಮೀಟರ್ 28 ತೋರಿಸಿತು, ಹಾಲು 31 ಡಿಗ್ರಿ ಸೆಲ್ಸಿಯಸ್, ಫ್ಯಾಟು 3.8 ಎಂದಿಟ್ಟುಕೊಳ್ಳಿ. 27 ಡಿಗ್ರಿಗೆ ತಯಾರಾದ ಲ್ಯಾಕ್ಟೋಮೀಟರಾದರೆ ಹೆಚ್ಚಿನ ಪ್ರತಿ ಡಿಗ್ರಿಗೆ 0.2 ಕೂಡಿಸಿ 28.8. ಅದನ್ನು 4ರಿಂದ ಭಾಗಿಸಿದರೆ 7.2. ಇದಕ್ಕೆ ಫ್ಯಾಟಿನ 0.25 ಪಾಲು 0.95, ಸ್ಥಿರಾಂಕ 0.44 ಸೇರಿಸಿದರೆ ಎಸ್‌ಎನ್‌ಎಫ್ 8.59. ಹಳೆಯ ಪುಸ್ತಕಗಳಲ್ಲಿ 60 ಡಿಗ್ರಿ ಫ್ಯಾರನ್‌ಹೀಟಿನ ಲ್ಯಾಕ್ಟೋಮೀಟರಿಗೆಂದು ಇರುವ ಸೂತ್ರದಲ್ಲಿ ಫ್ಯಾಟಿನ 0.2 ಪಾಲು, ಸ್ಥಿರಾಂಕ 0.14. ಎಐ ಅದನ್ನು ತಂದು ಇಲ್ಲಿಗೆ ಅಂಟಿಸಿದರೆ ಉತ್ತರ 8.10. ಹಸುವಿನ ಹಾಲಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಕನಿಷ್ಠ ಮಟ್ಟ ಫ್ಯಾಟು 3.2, ಎಸ್‌ಎನ್‌ಎಫ್ 8.3. ಅದೇ ಹಾಲು, ಅದೇ ರೀಡಿಂಗು. ಒಂದು ಸೂತ್ರದಲ್ಲಿ ಪಾಸು, ಇನ್ನೊಂದರಲ್ಲಿ ನಪಾಸು. ಎರಡೂ ಸೂತ್ರ ನಿಜವಾಗಿಯೂ ಇರುವಂಥವೇ, ಹಾಗಾಗಿ ‘ಈ ಸೂತ್ರ ಸರಿಯೇ’ ಎಂದು ಎಐಯನ್ನೇ ಮತ್ತೆ ಕೇಳಿದರೆ ‘ಸರಿ’ ಎಂದೇ ಹೇಳುತ್ತದೆ. ಲ್ಯಾಕ್ಟೋಮೀಟರಿನ ಮೇಲೆ ಯಾವ ಉಷ್ಣಾಂಶ ಮುದ್ರಿಸಿದೆ, ಹಾಲು ಒಕ್ಕೂಟದ ಸುತ್ತೋಲೆ ಯಾವ ಸೂತ್ರ ಹೇಳಿದೆ, ಇವೆರಡನ್ನು ನೋಡದೆ ಹಾಳೆಗೆ ಸೂತ್ರ ಹಾಕಬೇಡಿ. ಲೆಕ್ಕದ ಉದಾಹರಣೆಗಳನ್ನೂ ಎಐ ಮಾತಿನಲ್ಲಿ ಲೆಕ್ಕ ಹಾಕಲು ಬಿಡದೆ ಎಕ್ಸೆಲ್ ಹಾಳೆಯಲ್ಲಿ ಮಾಡಿ.

ಭಾಷೆ

ತನ್ನಷ್ಟಕ್ಕೆ ಬಿಟ್ಟರೆ ಎಐ ಬರೆಯುವ ಕನ್ನಡದಲ್ಲಿ ಸೆಂಟ್ರಿಫ್ಯೂಜ್ ‘ಅಪಕೇಂದ್ರಕ’ವಾಗುತ್ತದೆ, ಫ್ಯಾಟು ‘ಕೊಬ್ಬಿನಾಂಶ’, ಸ್ಯಾಂಪಲ್ ‘ಮಾದರಿ’. ತಪ್ಪೇನಲ್ಲ, ಆದರೆ ಮದ್ದೂರು, ಮಳವಳ್ಳಿ ಕಡೆಯ ಯಾವ ಡೇರಿಯಲ್ಲೂ ‘ಅಪಕೇಂದ್ರಕ ತಿರುಗಿಸು’ ಅನ್ನುವವರಿಲ್ಲ. ಹದಿನೈದು ಇಪ್ಪತ್ತು ಪದಗಳ ಒಂದು ಪಟ್ಟಿ ಮಾಡಿ (ಎಡಕ್ಕೆ ಬಳಸಬೇಕಾದ ಪದ, ಬಲಕ್ಕೆ ಬಳಸಬಾರದ್ದು), ಪ್ರತಿ ಸೂಚನೆಯ ಜೊತೆಗೂ ಅಂಟಿಸಿ. ಧ್ವನಿ ಪಾಠ ಮಾಡಿಸುವುದಾದರೆ ‘ಮಿ.ಲೀ.’ ಬದಲು ‘ಎಂಎಲ್’, ‘10.75’ ಬದಲು ‘ಹತ್ತೂಮುಕ್ಕಾಲು’ ಎಂದು ಅಕ್ಷರದಲ್ಲೇ ಬರೆದು ಕೊಡಿ, ಇಲ್ಲದಿದ್ದರೆ ಯಂತ್ರದ ಧ್ವನಿ ಚುಕ್ಕೆಯಲ್ಲಿ ಎಡವುತ್ತದೆ.

ಪ್ರಶ್ನೆಗಳು

ಎಐ ಬರೆದ ಬಹು ಆಯ್ಕೆ ಪ್ರಶ್ನೆಗಳಿಗೆ ಹಾಲು ಮುಟ್ಟದವರೂ ಉತ್ತರ ಹೇಳಬಹುದು. ಅತಿ ಉದ್ದದ ಆಯ್ಕೆಯೇ ಸಾಮಾನ್ಯವಾಗಿ ಸರಿಯುತ್ತರ, ಉಳಿದ ಮೂರು ಯಾರೂ ಆರಿಸದಂಥವು, ಇಲ್ಲವೇ ಕೊನೆಗೆ ‘ಮೇಲಿನ ಎಲ್ಲವೂ’. ಇದಕ್ಕೆ ಪರಿಹಾರ ನಿಮ್ಮ ರೆಕಾರ್ಡಿಂಗ್‌ನಲ್ಲಿದೆ. ಹೊಸಬರು ನಿಜಕ್ಕೂ ಮಾಡುವ ತಪ್ಪುಗಳನ್ನು ಪಟ್ಟಿ ಮಾಡಿ, ‘ತಪ್ಪು ಆಯ್ಕೆಗಳು ಈ ಪಟ್ಟಿಯಿಂದ ಮಾತ್ರ ಬರಲಿ, ನಾಲ್ಕೂ ಆಯ್ಕೆ ಒಂದೇ ಉದ್ದ ಇರಲಿ’ ಎಂದು ಹೇಳಿ. ಇಪ್ಪತ್ತು ಪ್ರಶ್ನೆ ಬರೆಸಿದರೆ ಎಂಟು ಉಳಿಸಿಕೊಳ್ಳಿ.

ನೆನಪು ಪರೀಕ್ಷಿಸುವ ‘ಎಷ್ಟು ಮಿ.ಲೀ.’ ಪ್ರಶ್ನೆಗಿಂತ ತೀರ್ಮಾನ ಕೇಳುವ ಪ್ರಶ್ನೆ ಬೇಕು. ‘ಓದುವಾಗ ಫ್ಯಾಟಿನ ಕಂಬದ ಅಡಿಯಲ್ಲಿ ಬಿಳಿ ಗರಣೆ ಕಾಣುತ್ತಿದೆ, ಏನಾಗಿರಬಹುದು?’ ಆ್ಯಸಿಡ್ ತೆಳುವಾಗಿದೆ ಅಥವಾ ಸರಿಯಾಗಿ ಅಲುಗಿಸಿಲ್ಲ. ‘ಕಪ್ಪು ಕಣಗಳಿವೆ?’ ಆ್ಯಸಿಡ್ ಖಾರವಾಯಿತು, ಇಲ್ಲವೇ ಹಾಲು ಸುರಿದದ್ದು ಜೋರಾಯಿತು. ‘ಫ್ಯಾಟು ಕಡಿಮೆ ಇದೆ, ಡಿಗ್ರಿ ಮಾತ್ರ ಸರಿಯಾಗಿದೆ?’ ಕೆನೆ ತೆಗೆದರೆ ಲ್ಯಾಕ್ಟೋಮೀಟರ್ ಏರುತ್ತದೆ, ನೀರು ಹಾಕಿದರೆ ಇಳಿಯುತ್ತದೆ, ಎರಡನ್ನೂ ಮಾಡಿದರೆ ಡಿಗ್ರಿ ಮೊದಲಿನಂತೆಯೇ ಕಾಣಬಹುದು. ಡಿಗ್ರಿಯೊಂದನ್ನೇ ನಂಬಬಾರದು ಅನ್ನುವುದು ಈ ಪ್ರಶ್ನೆಯಿಂದ ತಲೆಗೆ ಹೋಗುವಷ್ಟು ಭಾಷಣದಿಂದ ಹೋಗುವುದಿಲ್ಲ. ಇಂಥ ಒಂದು ಪ್ರಶ್ನೆ ನೀವು ಬರೆದುಕೊಟ್ಟರೆ ಅದೇ ಜಾಡಿನಲ್ಲಿ ಹತ್ತು ಬರೆಯುವುದು ಎಐಗೆ ನೀರು ಕುಡಿದಷ್ಟು ಸುಲಭ. ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವ ಹೊಣೆ ಮಾತ್ರ ನಿಮ್ಮದು.

ತಗಾದೆಯ ಅಭ್ಯಾಸ

ಪರೀಕ್ಷಕನಿಗೆ ಆ್ಯಸಿಡ್ಡಿಗಿಂತ ಹೆಚ್ಚು ಸುಡುವುದು ಮೇಜಿನ ಆಚೆಯ ಮಾತು. ಇದಕ್ಕೆ ಎಐ ಒಳ್ಳೆಯ ಜೊತೆಗಾರ: ಅದು ರೈತನ ಪಾತ್ರ ಮಾಡುತ್ತದೆ, ಕಲಿಯುವವನು ಉತ್ತರ ಕೊಡುತ್ತಾನೆ. ಆದರೆ ಸುಮ್ಮನೆ ‘ಕೋಪಗೊಂಡ ರೈತನಾಗು’ ಎಂದರೆ ‘ಮಾನ್ಯರೇ, ನನ್ನ ಹಾಲಿನ ಕೊಬ್ಬಿನಾಂಶದ ಬಗ್ಗೆ ನನಗೆ ತೀವ್ರ ಅಸಮಾಧಾನವಿದೆ’ ಎಂದು ಶುರುಮಾಡುತ್ತದೆ. ಅರ್ಜಿ ಬರೆದ ಹಾಗೆ! ನಿಜವಾದ ಮಾತು ಹೀಗಿರುತ್ತದೆ: ‘ಏನ್ಲಾ ಮಗ, ನೆನ್ನೆ ನಾಕು ಬಂದಿತ್ತು, ಇವತ್ತು ಮೂರೂವರೆ ಅಂತೀಯ. ಹಸ ಅದೇ, ಮೇವು ಅದೇ. ನಿನ್ ಮಿಷನ್ನೇ ಸರಿಯಿಲ್ಲ.’ ಇಂಥ ಎಂಟು ಹತ್ತು ವಾಕ್ಯಗಳನ್ನು ನೀವೇ ಕೇಳಿ ಬರೆದು ಕೊಡಿ.

ಇನ್ನೊಂದು ದೋಷ, ಎಐಯ ರೈತ ಒಂದೇ ವಿನಯದ ಮಾತಿಗೆ ಸಮಾಧಾನ ಆಗಿಬಿಡುತ್ತಾನೆ. ಷರತ್ತು ಹಾಕಿ: ಪರೀಕ್ಷಕ ‘ನೀವು’ ಎಂದೇ ಮಾತಾಡಬೇಕು, ಎದುರಿಗೇ ಮತ್ತೊಮ್ಮೆ ಪರೀಕ್ಷೆ ಮಾಡಿ ತೋರಿಸುತ್ತೇನೆ ಅನ್ನಬೇಕು, ಫ್ಯಾಟು ದಿನದಿಂದ ದಿನಕ್ಕೆ ಬದಲಾಗಲು ಕನಿಷ್ಠ ಒಂದು ಸರಿಯಾದ ಕಾರಣ ಕೊಡಬೇಕು. ಈ ಮೂರೂ ಆಗುವ ತನಕ ಒಪ್ಪಬೇಡ. ಕಾರಣಗಳೂ ಸೂಚನೆಯಲ್ಲೇ ಇರಲಿ: ಎರಡು ಕರೆಯುವಿಕೆಗಳ ನಡುವಿನ ಅಂತರ ಕಡಿಮೆಯಾದ ಹೊತ್ತಿನ ಹಾಲಿಗೆ ಫ್ಯಾಟು ಹೆಚ್ಚು, ಕೆಚ್ಚಲಿನ ಕೊನೆಯ ಹಾಲಿನಲ್ಲಿ ಎಲ್ಲಕ್ಕಿಂತ ಹೆಚ್ಚು, ಅದನ್ನು ಕರುವಿಗೆ ಬಿಟ್ಟರೆ ಕ್ಯಾನಿನಲ್ಲಿ ಇಳಿಯುತ್ತದೆ. ಕಲಿಯುವವನನ್ನು ಅಳೆಯುವ ಕೆಲಸ ಎಐಗೆ ಬೇಡ, ಪಕ್ಕದಲ್ಲಿ ಕೂತ ಹಿರಿಯ ಪರೀಕ್ಷಕರು ನೋಡಲಿ. ಅದು ಎಲ್ಲರಿಗೂ ‘ಅತ್ಯುತ್ತಮ’ ಅನ್ನುತ್ತದೆ.

ಉತ್ಪಾದಕರ ಹೆಸರು, ಸದಸ್ಯತ್ವ ಸಂಖ್ಯೆ, ಬ್ಯಾಂಕ್ ಖಾತೆ, ಫೋನ್ ನಂಬರ್ ಇರುವ ಪಟ್ಟಿಯನ್ನು ಯಾವ ಎಐಗೂ ಹಾಕಬಾರದು, ತರಬೇತಿ ಪಡೆಯುವವರ ಅಂಕಪಟ್ಟಿಯನ್ನೂ ಅಷ್ಟೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ ಅನ್ನುವುದು ಒಂದು ಕಾರಣ. ಊರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು ಅನ್ನುವುದು ಅದಕ್ಕಿಂತ ದೊಡ್ಡದು. ಉತ್ಪಾದಕ ಕ, ಉತ್ಪಾದಕ ಖ ಎಂದು ಬದಲಿಸಿ ಕೊಡಿ.

ದಿನ ನಡೆಸುವುದು, ಆಮೇಲೆ ನೋಡುವುದು

ಎಂಟು ಜನರ ತಂಡ ಸಾಕು. ಮಾತು 20 ನಿಮಿಷ, ಹಾಳೆ ನೋಡಿ ಮಾಡುವ ಕೆಲಸ ಒಂದೂವರೆ ಗಂಟೆ, ತಗಾದೆಯ ಅಭ್ಯಾಸ ಮುಕ್ಕಾಲು ಗಂಟೆ. ಒಬ್ಬೊಬ್ಬರೂ ಎರಡು ಸ್ಯಾಂಪಲ್ ಮಾಡಿದರೆ 16 ಪರೀಕ್ಷೆ: ಆ್ಯಸಿಡ್ 160 ಮಿ.ಲೀ., ಹಾಲು 172 ಮಿ.ಲೀ., ಅಮೈಲ್ ಆಲ್ಕೋಹಾಲ್ 16 ಮಿ.ಲೀ. ಹಾಳಾಗುವುದಕ್ಕೆಂದು ಕಾಲು ಭಾಗ ಹೆಚ್ಚಿಗೆ ತನ್ನಿ. ಕನ್ನಡಕ, ಕೈಗವಸು, ಪಕ್ಕದಲ್ಲಿ ಬಕೆಟ್ ನೀರು ಇಲ್ಲದೆ ಬಾಟಲಿ ಬಿಚ್ಚಬೇಡಿ. ಎರಡು ಸ್ಯಾಂಪಲ್‌ಗಳೂ ಒಂದೇ ಹಾಲಿನವು ಎಂದು ಅವರಿಗೆ ಹೇಳಬೇಡಿ. ಬ್ಯುಟಿರೋಮೀಟರಿನಲ್ಲಿ ಒಂದು ಗೆರೆ 0.1. ಎರಡು ಓದುಗಳ ನಡುವೆ ಒಂದು ಗೆರೆಗಿಂತ ಹೆಚ್ಚು ವ್ಯತ್ಯಾಸ ಬಂದವರು ಇನ್ನೊಮ್ಮೆ ಮಾಡಲಿ.

ಮರೆವಿನ ಬಗ್ಗೆ ಎಬ್ಬಿಂಗ್‌ಹೌಸ್ 1885ರಲ್ಲೇ ಬರೆದದ್ದು ಡೇರಿಗೂ ಸಲ್ಲುತ್ತದೆ: ಕಲಿತದ್ದರಲ್ಲಿ ಹೆಚ್ಚಿನದು ಮೊದಲ ದಿನಗಳಲ್ಲೇ ಸೋರಿಹೋಗುತ್ತದೆ. ಉಳಿಸಿಕೊಂಡ ಎಂಟು ಪ್ರಶ್ನೆಗಳನ್ನು ಒಂದೇ ದಿನ ಮುಗಿಸದೆ 1, 3, 10 ಮತ್ತು 30ನೇ ದಿನ ಎರಡೆರಡರಂತೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ಸಂಜೆ ಹಾಲು ಹಾಕಿಸಿಕೊಳ್ಳುವ ಹೊತ್ತಿಗಲ್ಲ, ಮಧ್ಯಾಹ್ನ ಮೂರರ ಸುಮಾರಿಗೆ.

ದಿನದ ಕೊನೆಗೆ ‘ತರಬೇತಿ ಹೇಗಿತ್ತು’ ಎಂದು ತುಂಬಿಸುವ ಫಾರಂನಿಂದ ಊಟ ಹೇಗಿತ್ತು ಎಂಬುದು ಬಿಟ್ಟು ಹೆಚ್ಚೇನೂ ತಿಳಿಯದು. ಮೂರು ವಾರ ಬಿಟ್ಟು ಹೇಳದೆ ಡೇರಿಗೆ ಹೋಗಿ, ಪರೀಕ್ಷಕ ಓದಿದ ಐದು ಸ್ಯಾಂಪಲ್‌ಗಳ ಇನ್ನೊಂದು ಪಾಲನ್ನು ಲ್ಯಾಬಿಗೆ ಒಯ್ದು ತಾಳೆ ನೋಡಿ. ವ್ಯತ್ಯಾಸ ಉಳಿದಿದ್ದರೆ ಹಾಳೆಯ ಯಾವ ಹಂತದಲ್ಲಿ ಎಂದು ಗುರುತಿಸಿ, ಆ ಸಾಲನ್ನಷ್ಟೇ ತಿದ್ದಿ.

ಪ್ರತಿ ಹಾಳೆಯ ಕೆಳಗೆ ಯಾವ ಸುತ್ತೋಲೆ, ಯಾವ ದಿನಾಂಕ, ಯಾರು ಮಾಡಿ ನೋಡಿ ಸಹಿ ಹಾಕಿದರು ಎಂದು ಇರಲಿ. ಸುತ್ತೋಲೆ ಬದಲಾದ ದಿನ ಎಐ ಜೊತೆಗಿನ ಹಳೆಯ ಸಂಭಾಷಣೆಯನ್ನು ಮುಂದುವರಿಸಬೇಡಿ, ಹಳೆಯ ಅಂಕಿಗಳು ಅಲ್ಲೇ ಕೂತಿರುತ್ತವೆ. ಹೊಸದಾಗಿ ತೆರೆದು, ಹೊಸ ಸುತ್ತೋಲೆ ಹಾಕಿ ಬರೆಸಿ, ಡೇರಿಯ ಗೋಡೆಗೆ ಅಂಟಿಸಿದ ಹಳೆಯ ಹಾಳೆಯನ್ನು ಕಿತ್ತುಕೊಂಡು ಬನ್ನಿ.